ಬೀಗ ಬಿದ್ದ ಊರಿನಲ್ಲಿ ಮತ್ತೆ ಒಲೆ ಹೊತ್ತಿತು

ನಿಮ್ಮಲ್ಲಿ ಎಷ್ಟು ಜನರ ತವರುಮನೆಗೆ ಈಗ ಬೀಗ ಬಿದ್ದಿದೆ? ಕೇಳಬಾರದ್ದನ್ನು ಕೇಳಿದೆ ಅಂತ ಬೇಸರಪಡಬೇಡಿ. ನನ್ನ ತವರಿಗೂ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು. ಸಾಗರದ ಕಡೆಯ ಒಂದು ಹಳ್ಳಿ. ಅಜ್ಜ ಕಟ್ಟಿಸಿದ ಹೆಂಚಿನ ಮನೆ. ಜಗಲಿಗೆ ಆರು ಹಲಸಿನ ಕಂಬ, ನಡುಮನೆಗೆ ದಪ್ಪ ತೊಲೆ, ಚಿಕ್ಕ ಮಕ್ಕಳು ಎಷ್ಟು ತಳ್ಳಿದರೂ ಅಲುಗದ ಪ್ರಧಾನ ಬಾಗಿಲು. ಅಮ್ಮ ಇರುವವರೆಗೂ ಅದು ಮನೆಯಾಗಿತ್ತು. ಅಮ್ಮ ಹೋದ ಮೇಲೆ ಪಕ್ಕದ ಮನೆಯವರ ಗೋಡೆಯ ಮೊಳೆಯಲ್ಲಿ ನೇತಾಡುವ ಒಂದು ಬೀಗದ ಕೈ ಆಯಿತು, ಅಷ್ಟೆ.

ಮಗಳು ಅಳಿಯ ರೋಮಿನಲ್ಲಿದ್ದಾರೆ. ಬಾಣಂತನ ಮುಗಿಸಿಕೊಟ್ಟು ಬರೋಣವೆಂದು ಹೋಗಿದ್ದೆ. ಅಲ್ಲಿದ್ದಾಗಲೇ ತಮ್ಮನ ಫೋನು ಬಂತು. "ಅಕ್ಕಾ, ಹಳೇ ಮರಮುಟ್ಟು ಕೊಳ್ಳುವವರು ಬಂದಿದ್ದರು. ಕಂಬ, ಬಾಗಿಲು, ತೊಲೆ ಎಲ್ಲಾ ಸೇರಿಸಿ ಒಳ್ಳೇ ರೇಟು ಹೇಳಿದ್ದಾರೆ. ಸುಮ್ಮನೆ ಗೆದ್ದಲು ತಿನ್ನುವುದಕ್ಕಿಂತ ಕೊಟ್ಟುಬಿಡೋಣ ಅಲ್ವಾ?" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನ ನೌಕರಿ, ಮಕ್ಕಳ ಓದು, ಅವನಾದರೂ ಎಲ್ಲಿ ಅಂತ ನೋಡುತ್ತಾನೆ? "ಬಂದು ಹೇಳ್ತೀನಿ ಕಣೋ" ಅಂದು ಫೋನಿಟ್ಟೆ. ಆದರೆ ಆ ದಿನವಿಡೀ ಮೊಮ್ಮಗುವನ್ನು ತೊಟ್ಟಿಲಲ್ಲಿ ತೂಗುತ್ತಿದ್ದರೂ ಕಣ್ಣ ಮುಂದೆ ಆ ಆರು ಕಂಬಗಳೇ.

ಮಗಳು ನನ್ನ ಮುಖ ನೋಡಿ ಕೇಳಿದಳು, ವಿಷಯ ತಿಳಿದುಕೊಂಡಳು. "ಅಮ್ಮಾ, ಈ ಭಾನುವಾರ ನಿನಗೊಂದು ಊರು ತೋರಿಸ್ತೀನಿ ಬಾ" ಅಂದಳು. ರೋಮಿನ ಗೋಪುರ, ಕಮಾನು, ಕಾರಂಜಿಗಳನ್ನು ನೋಡಿ ನೋಡಿ ಆಗಲೇ ನನಗೆ ಕತ್ತು ನೋವು ಬಂದಿತ್ತು. "ಇನ್ನೂ ಏನಮ್ಮಾ ನೋಡೋದು?" ಅಂದೆ. "ಇದು ಅರಮನೆಯಲ್ಲ, ಬಡವರ ಊರು. ನಿನಗೆ ಹಿಡಿಸುತ್ತೆ" ಅಂದಳು. ನಾನು ಕಂಡ ಆ ಊರನ್ನು ಇವತ್ತು ನಿಮಗೂ ತೋರಿಸೋಣವೆಂದು ಬರೆಯುತ್ತಿದ್ದೇನೆ.

ಬೆಟ್ಟದ ಮೇಲಿನ ಕಲ್ಲಿನ ಗೂಡು

ಊರಿನ ಹೆಸರು ಸ್ವಲ್ಪ ಉದ್ದ. ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ. ಒಂದೆರಡು ಸಲ ಜೋರಾಗಿ ಹೇಳಿಕೊಳ್ಳಿ, ನಾಲಿಗೆಗೆ ಹೊಂದಿಕೊಳ್ಳುತ್ತದೆ! ಇಟಲಿ ದೇಶದ ನಡುಭಾಗದಲ್ಲಿ ಅಬ್ರುಟ್ಸೊ ಎಂಬ ಬೆಟ್ಟದ ಸೀಮೆ ಇದೆ. ರೋಮಿನಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರ ಹೋದರೆ ಲಾಕ್ವಿಲ ಎಂಬ ಪಟ್ಟಣ. ಅಲ್ಲಿಂದ ಮುಂದೆ ಘಾಟಿ ರಸ್ತೆ. ಹತ್ತುತ್ತ ಹತ್ತುತ್ತ ಮರಗಳು ಕಡಿಮೆಯಾಗಿ ಬರೀ ಹುಲ್ಲು, ಕಲ್ಲು, ಆಕಾಶ. ದೂರದಲ್ಲಿ ಗ್ರಾನ್ ಸಾಸ್ಸೊ ಎಂಬ ಬೋಳು ಪರ್ವತ. ಊರು ಇರುವುದು ಸುಮಾರು 1,250 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮಡಿಕೇರಿಗಿಂತ ಸ್ವಲ್ಪ ಮೇಲೆ. ಸೆಪ್ಟೆಂಬರಿನ ಮೊದಲ ವಾರವೇ ಆದರೂ ಸೀರೆಯ ಮೇಲೆ ಸ್ವೆಟರ್ ಹಾಕಿ, ಅದರ ಮೇಲೆ ಶಾಲು ಹೊದ್ದೆ.

ದೂರದಿಂದ ನೋಡಿದರೆ ಇದು ಊರೋ ಬಂಡೆಯೋ ಗೊತ್ತಾಗುವುದಿಲ್ಲ. ಬೆಟ್ಟದ ಕಲ್ಲಿನದೇ ಬಣ್ಣ, ಬೆಟ್ಟದ ಕಲ್ಲಿನದೇ ಮನೆ. ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಮನೆಗಳು. ಹೊರಸುತ್ತಿನ ಮನೆಗಳ ಹಿಂಗೋಡೆಯೇ ಊರಿಗೆ ಕೋಟೆ. ಒಳಗೆ ಹೊಕ್ಕರೆ ಓಣಿಗಳು ಎಷ್ಟು ಕಿರಿದು ಅಂದರೆ ಎದುರಿಗೆ ಒಬ್ಬರು ಬಂದರೆ ನಾವು ಗೋಡೆಗೆ ಒರಗಬೇಕು. ಕೆಲವು ಓಣಿಗಳ ಮೇಲೆ ಕಲ್ಲಿನ ಕಮಾನು, ಆ ಕಮಾನಿನ ಮೇಲೂ ಮನೆ! ಹಿಮ ಬಿದ್ದಾಗ ಜನ ಈ ಕಮಾನುಗಳ ಕೆಳಗೇ ಓಡಾಡಿಕೊಂಡಿರಬಹುದಾಗಿತ್ತು. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆಂದು ಮನೆಯಿಂದ ಕೊಟ್ಟಿಗೆಯವರೆಗೆ ಮಾಡು ಇಳಿಸುತ್ತಾರಲ್ಲ, ಅದೇ ಬುದ್ಧಿ. ಮಳೆಯೋ ಹಿಮವೋ, ಹೆಂಗಸರ ಕಾಲು ಒದ್ದೆಯಾಗಬಾರದು ಅಂತ ಯಾರೋ ಒಬ್ಬ ಪುಣ್ಯಾತ್ಮ ಯೋಚಿಸಿದ್ದಾನೆ.

ಉಣ್ಣೆ ತಂದ ಐಶ್ವರ್ಯ

ಇಂಥ ಬೋಳುಗುಡ್ಡದ ಮೇಲೆ ಜನ ಯಾಕೆ ಬಂದು ನೆಲೆಸಿದರು ಅಂತೀರಾ? ಕುರಿಗಾಗಿ. ಬೇಸಗೆಯಲ್ಲಿ ಈ ಗುಡ್ಡಗಳ ಹುಲ್ಲು ಕುರಿಗಳಿಗೆ ಹಬ್ಬ. ಚಳಿಗಾಲದಲ್ಲಿ ಎಲ್ಲಾ ಹಿಮ. ಆಗ ಗಂಡಸರು ಮಂದೆಗಳನ್ನು ಹೊಡೆದುಕೊಂಡು ದಕ್ಷಿಣದ ಪುಲಿಯಾ ಬಯಲಿಗೆ ಇಳಿಯುತ್ತಿದ್ದರು. ಲಾಕ್ವಿಲದಿಂದ ಹೊರಡುವ ಕುರಿದಾರಿಯ ಉದ್ದ 244 ಕಿಲೋಮೀಟರ್, ಅಗಲವೇ 111 ಮೀಟರ್. ನಡೆದುಕೊಂಡೇ ಹೋಗಬೇಕು. ವಸಂತದಲ್ಲಿ ಅದೇ ದಾರಿಯಲ್ಲಿ ವಾಪಸು. ಈ ಕುರಿಪಯಣವನ್ನು ಯುನೆಸ್ಕೊ ಸಂಸ್ಥೆ 2019ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಗಂಡಸರೇನೋ ಹೋದರು. ಹೆಂಗಸರು? ಅದನ್ನು ನಾವು ಕೇಳಬೇಕಲ್ಲವೇ? ಅರ್ಧ ವರ್ಷ ಹಿಮದಲ್ಲಿ ಮುದುಕರು, ಮಕ್ಕಳು, ಕೆಳಗಿನ ಕೊಟ್ಟಿಗೆಯಲ್ಲಿ ಕತ್ತೆ, ಹಂದಿ, ಕೋಳಿ, ಇಷ್ಟನ್ನೂ ಕಟ್ಟಿಕೊಂಡು ಮನೆ ನಡೆಸಿದವರು ಅವರು. ಒಲೆಯ ಮುಂದೆ ಕೂತು ಉಣ್ಣೆ ನೂತರು, ಮಗ್ಗದಲ್ಲಿ ಹೊದಿಕೆ ನೇಯ್ದರು. ಚರಿತ್ರೆಯ ಪುಸ್ತಕದಲ್ಲಿ ಅವರ ಹೆಸರಿಲ್ಲ. ಇರುವುದು ಫ್ಲಾರೆನ್ಸಿನ ಮೆದಿಚಿ ಮನೆತನದವರ ಹೆಸರು. 1579ರಲ್ಲಿ ಈ ಊರು ಆ ದೊಡ್ಡ ವ್ಯಾಪಾರಿ ಮನೆತನದ ಕೈಗೆ ಬಂತು. ಇಲ್ಲಿಯ ಉಣ್ಣೆ ಅವರ ಮೂಲಕ ದೇಶ ವಿದೇಶಕ್ಕೆ ಹೋಯಿತು. ಊರ ಹೆಬ್ಬಾಗಿಲ ಕಮಾನಿನ ಮೇಲೆ ಆ ಮನೆತನದ ಲಾಂಛನ ಈಗಲೂ ಇದೆ. ತಲೆ ಎತ್ತಿ ನೋಡಿದೆ. ಕೆಳಗೆ ತಲೆತಲಾಂತರದಿಂದ ಕಾಲು ಸವೆಸಿ ನುಣುಪಾದ ಕಲ್ಲಿನ ಮೆಟ್ಟಿಲನ್ನೂ ನೋಡಿದೆ. ಆ ಮೆಟ್ಟಿಲೇ ಹೆಂಗಸರ ಲಾಂಛನ ಅನ್ನಿಸಿತು.

ಮುಂದೆ ಕಾಲ ಬದಲಾಯಿತು. ಉಣ್ಣೆಯ ವ್ಯಾಪಾರ ಕುಸಿಯಿತು. ಕುರಿ ಮೇಯುವ ಬಯಲುಗಳನ್ನು ಉತ್ತು ಗೋಧಿ ಬಿತ್ತಿದರು. ಹೊಟ್ಟೆಪಾಡಿಗಾಗಿ ಜನ ಅಮೆರಿಕ, ಕೆನಡ ಎಂದು ಹಡಗು ಹತ್ತಿದರು. ಎರಡನೆಯ ಮಹಾಯುದ್ಧದ ನಂತರ ಉಳಿದವರೂ ರೋಮಿನಂಥ ಪಟ್ಟಣಗಳಿಗೆ ಇಳಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು ಒಂದೂವರೆ ಸಾವಿರ ಜನರಿದ್ದ ಊರಿನಲ್ಲಿ ಆ ಶತಮಾನ ಮುಗಿಯುವ ಹೊತ್ತಿಗೆ ಉಳಿದವರು ನೂರು ಚಿಲ್ಲರೆ. ಮಾಡು ಕುಸಿಯಿತು, ಮಾಡಿನ ಹಿಂದೆ ಗೋಡೆ, ಗೋಡೆಯ ಬಿರುಕಿನಲ್ಲಿ ಗಿಡ. ಒಂದು ಮನೆ ಹೇಗೆ ಸಾಯುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಒಂದು ಹೆಂಚು ಜಾರುತ್ತದೆ. ಅದನ್ನು ಸರಿಮಾಡಲು ಒಬ್ಬರೂ ಇರುವುದಿಲ್ಲ.

ಮೋಟಾರ್ ಸೈಕಲ್ಲಿನಲ್ಲಿ ಬಂದವನು

1999ರಲ್ಲಿ ದಾನಿಯೆಲೆ ಕಿಲ್‌ಗ್ರೆನ್ ಎಂಬ ಯುವಕ ಮೋಟಾರ್ ಸೈಕಲ್ ಹತ್ತಿ ಈ ಬೆಟ್ಟಗಳಲ್ಲಿ ಸುತ್ತುತ್ತ ಇಲ್ಲಿಗೆ ಬಂದ. ತಂದೆಯ ಕಡೆಯಿಂದ ಸ್ವೀಡನ್, ತಾಯಿಯ ಕಡೆಯಿಂದ ಇಟಲಿ. ಅನುಕೂಲಸ್ಥರ ಮನೆಯ ಹುಡುಗ. ಊರಿನಲ್ಲಿ ಜನ ಇಲ್ಲ, ಆದರೆ ಹೊಸ ಕಾಂಕ್ರೀಟ್ ಕಟ್ಟಡವೂ ಇಲ್ಲ. ಬಡತನವೇ ಊರನ್ನು ಹಾಗೆಯೇ ಕಾಪಾಡಿತ್ತು ಅನ್ನಬೇಕು. ದುಡ್ಡು ಇದ್ದಿದ್ದರೆ ಎಂದೋ ಕೆಡವಿ ಹೊಸದು ಕಟ್ಟುತ್ತಿದ್ದರು. ಆತ ಪಾಳುಬಿದ್ದ ಮನೆಗಳನ್ನು ಒಂದೊಂದಾಗಿ ಕೊಳ್ಳತೊಡಗಿದ. ಜೊತೆಗೆ ಊರಿನ ಆಡಳಿತದವರೊಂದಿಗೆ ಒಪ್ಪಂದ: ನಾನು ದುಡ್ಡು ಹಾಕಿ ಹಳೆಯದನ್ನು ಉಳಿಸುತ್ತೇನೆ, ನೀವು ಇಲ್ಲಿ ಹೊಸ ಕಟ್ಟಡ ಎಬ್ಬಿಸಲು ಬಿಡಬೇಡಿ. ಇದರಲ್ಲೊಂದು ತಮಾಷೆಯಿದೆ. ಆತನ ಮನೆತನದ ಹಣ ಬಂದದ್ದು ಸಿಮೆಂಟ್ ವ್ಯಾಪಾರದಿಂದ! ಸಿಮೆಂಟಿನ ದುಡ್ಡಿನಲ್ಲಿ ಸಿಮೆಂಟನ್ನು ದೂರವಿಟ್ಟ ಪುಣ್ಯಾತ್ಮ.

ಹಳೆ ಮನೆ ಉಳಿಸುವುದು ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಏನು ಮಾಡುತ್ತೇವೆ? ಗೋಡೆಗೆ ಸಿಮೆಂಟ್ ಬಳಿದು, ಟೈಲ್ಸ್ ಹಾಕಿ, ಬಣ್ಣ ಹೊಡೆದು ಹೊಸದರಂತೆ ಮಾಡುತ್ತೇವೆ. ಅಲ್ಲಿ ತದ್ವಿರುದ್ಧ. ಒಲೆಯ ಹೊಗೆಯಿಂದ ಕಪ್ಪಾದ ಗೋಡೆಯನ್ನು ಹಾಗೆಯೇ ಬಿಟ್ಟಿದ್ದಾರೆ, ಉಜ್ಜಿ ತೆಗೆದಿಲ್ಲ. ಕಲ್ಲು ಬಿದ್ದಿದ್ದರೆ ಅಲ್ಲಿಯದೇ ಹಳೆ ಕಲ್ಲು, ತೊಲೆ ಮುರಿದಿದ್ದರೆ ಅದೇ ಸೀಮೆಯ ಹಳೆ ತೊಲೆ. ಹಾಗಾದರೆ ಚಳಿಗೇನು ಮಾಡುತ್ತಾರೆ? ನೆಲದ ಕೆಳಗೆ ಬಿಸಿ ಹರಿಯುವ ಕೊಳವೆ ಹಾಯಿಸಿದ್ದಾರೆ. ಕರೆಂಟಿನ ತಂತಿ, ನೀರಿನ ಪೈಪು ಒಂದೂ ಕಣ್ಣಿಗೆ ಬೀಳುವುದಿಲ್ಲ. ಹಾಸಿಗೆಗೆ ಉಣ್ಣೆ, ಹೊದಿಕೆಗೆ ಕೈಮಗ್ಗದ ಬಟ್ಟೆ. ಬಾಗಿಲು ತೆರೆಯಲು ನಮ್ಮ ದೇವಸ್ಥಾನದ ಬೀಗದ ಕೈಯಂಥ ದೊಡ್ಡ ಕಬ್ಬಿಣದ ಕೈ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಕೆಲಸ ಶುರುಮಾಡುವಾಗ ಆ ಸೀಮೆಯ ಜನಜೀವನದ ವಸ್ತುಸಂಗ್ರಹಾಲಯದವರ ಸಹಾಯ ಪಡೆದು, ಹಿಂದೆ ಈ ಮನೆಗಳಲ್ಲಿ ಜನ ಹೇಗೆ ಬದುಕುತ್ತಿದ್ದರು ಅನ್ನುವುದನ್ನು ವಿಚಾರಿಸಿಕೊಂಡರಂತೆ. ಯಾವ ಕೋಣೆಯಲ್ಲಿ ಮಲಗುತ್ತಿದ್ದರು, ಏನು ಅಡುಗೆ ಮಾಡುತ್ತಿದ್ದರು, ಯಾವ ಬೇರಿನಿಂದ ಉಣ್ಣೆಗೆ ಬಣ್ಣ ಕಟ್ಟುತ್ತಿದ್ದರು. ಇದನ್ನೆಲ್ಲ ಬಲ್ಲವರು ಯಾರು? ಊರಿನ ಮುದುಕಿಯರೇ. ಎಂಜಿನಿಯರ್ ಸಾಹೇಬರು ಅಜ್ಜಿಯರ ಮಾತು ಕೇಳಿ ಮನೆ ರಿಪೇರಿ ಮಾಡಿಸಿದ್ದು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಊರಿಗೆ ಊರೇ ಹೋಟೆಲು

ರಿಪೇರಿಯಾದ ಈ ಮನೆಗಳು ಸುಮಾರು 2005ರ ಹೊತ್ತಿಗೆ ಅತಿಥಿಗೃಹವಾದವು. ಸೆಕ್ಸ್ತಾಂತಿಯೊ ಅಂತ ಹೆಸರು. ಹೋಟೆಲು ಅಂದ ಕೂಡಲೇ ನಾಲ್ಕು ಮಹಡಿಯ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಇಲ್ಲಿ ಒಂದು ಮನೆಯಲ್ಲಿ ಆಫೀಸು, ಇನ್ನೊಂದು ಓಣಿಯಲ್ಲಿ ಮಲಗುವ ಕೋಣೆ, ಮತ್ತೊಂದು ಕಡೆ ಊಟದ ಮನೆ. ಒಂದು ಕಾಲದ ಕೊಟ್ಟಿಗೆ ಇವತ್ತು ಅತಿಥಿಗಳ ಕೋಣೆ. ಬೆಳಗಿನ ತಿಂಡಿಗೆ ಶಾಲು ಹೊದ್ದು ಓಣಿ ದಾಟಿ ಹೋಗಬೇಕು. ಇಂಥದ್ದಕ್ಕೆ ಇಟಲಿಯಲ್ಲಿ 'ಅಲ್ಬೆರ್ಗೊ ದಿಫ್ಫೂಸೊ' ಅನ್ನುತ್ತಾರೆ, 'ಹರಡಿಕೊಂಡ ಹೋಟೆಲು' ಎಂದು ಅರ್ಥ. 1976ರಲ್ಲಿ ಉತ್ತರದ ಫ್ರಿಉಲಿ ಸೀಮೆಯಲ್ಲಿ ಭೂಕಂಪವಾಗಿ, ಜನ ಬಿಟ್ಟುಹೋದ ಮನೆಗಳನ್ನು ಸರಿಪಡಿಸಿದ ಮೇಲೆ ಅವುಗಳನ್ನು ಏನು ಮಾಡುವುದೆಂಬ ಚಿಂತೆಯಿಂದ ಹುಟ್ಟಿದ ಉಪಾಯ ಇದು. ಜಾನ್‌ಕಾರ್ಲೊ ದಲ್ಲಾರ ಎಂಬ ಪ್ರವಾಸೋದ್ಯಮದ ಪಂಡಿತರು 1980ರ ದಶಕದಿಂದ ಇದಕ್ಕೊಂದು ರೂಪ ಕೊಟ್ಟರು. ಇದರ ತಿರುಳು ಸರಳ. ಹೊಸದೇನನ್ನೂ ಕಟ್ಟಬೇಡಿ. ಇರುವ ಮನೆಗಳನ್ನೇ ಬಳಸಿ. ಅತಿಥಿ ಕೆಲವು ದಿನದ ಮಟ್ಟಿಗೆ ಆ ಊರಿನ ನೆರೆಯವನಾಗಲಿ.

ನಾವು ಅಲ್ಲಿ ಉಳಿಯಲಿಲ್ಲ ಅನ್ನಿ. ಅದರ ಬಾಡಿಗೆ ಕೇಳಿ ನಾನು "ಬೇಡ ತಾಯಿ, ಸಂಜೆಗೇ ಹೊರಡೋಣ" ಅಂದುಬಿಟ್ಟೆ! ಬಡವರ ಮನೆಯಲ್ಲಿ ಮಲಗಲು ಈಗ ಶ್ರೀಮಂತರೇ ಆಗಿರಬೇಕು. ನನಗೆ ಇದು ಸ್ವಲ್ಪ ಚುಚ್ಚಿತು. ಹಸಿವಿನ ಹೊಗೆ ಕಟ್ಟಿದ ಆ ಕರಿಗೋಡೆಯನ್ನು ಚೆಂದವೆಂದು ನೋಡುವುದು ಸರಿಯೇ? ಮಗಳನ್ನು ಕೇಳಿದೆ. "ಅದೂ ಹೌದು. ಆದರೆ ಅಮ್ಮಾ, ಗೋಡೆ ಬಿದ್ದುಹೋಗಿದ್ದರೆ ಈ ಪ್ರಶ್ನೆ ಕೇಳೋದಕ್ಕೂ ನಮಗೆ ಜಾಗ ಇರುತ್ತಿರಲಿಲ್ಲ" ಅಂದಳು. ಓದಿದ ಹುಡುಗಿ, ಉತ್ತರ ಕೊಡುವುದರಲ್ಲಿ ಜಾಣೆ.

ಓಣಿಯ ಮೂಲೆಯ ಚಿಕ್ಕ ಅಂಗಡಿಯಲ್ಲಿ ಕಾಳು ಮಾರುವ ಅಜ್ಜಿಯೊಬ್ಬರು ಕೂತಿದ್ದರು. ನನ್ನ ಸೀರೆಯ ಸೆರಗು ಮುಟ್ಟಿ ನೋಡಿ, ಯಾವ ಮಗ್ಗ ಅಂತ ಕೈಸನ್ನೆಯಲ್ಲೇ ಕೇಳಿದರು. ಆಮೇಲೆ ಮಗಳ ಮೂಲಕ ಮಾತು ನಡೆಯಿತು. ಆಕೆಯ ಒಡಹುಟ್ಟಿದವರೆಲ್ಲ ಸಮುದ್ರದಾಚೆ ಹೋದವರು. ಒಂದು ಕಾಲಕ್ಕೆ ರಾತ್ರಿ ಕಿಟಕಿಯಿಂದ ನೋಡಿದರೆ ಊರೆಲ್ಲ ಕತ್ತಲೆ ಇರುತ್ತಿತ್ತಂತೆ. ಈಗ ಬೇಸಗೆಯಲ್ಲಿ ಎಲ್ಲಾ ಕಿಟಕಿಯಲ್ಲೂ ದೀಪ ಕಾಣುತ್ತದೆ, ಸಂತೋಷವೇ. ಆದರೆ ದೀಪ ಹಚ್ಚಿದವರ ಹೆಸರು ತನಗೆ ಗೊತ್ತಿರುವುದಿಲ್ಲ ಅಂದರು. ಈ ಮಾತು ಹೇಳುವಾಗ ಅವರ ಕೈ ಕಾಳು ಅಳೆಯುವುದನ್ನು ನಿಲ್ಲಿಸಲಿಲ್ಲ. ನಾನೂ ಏನೂ ಹೇಳಲಿಲ್ಲ. ಹೇಳುವುದಕ್ಕೇನಿತ್ತು?

ಊರಿನವರಿಗೂ ಈ ಕೊರತೆ ಗೊತ್ತು. ಅದಕ್ಕೇ 2020ರಲ್ಲಿ ಅಲ್ಲಿಯ ಪುರಸಭೆ ಒಂದು ಯೋಜನೆ ಮಾಡಿತು. ನಲವತ್ತು ವಯಸ್ಸಿನೊಳಗಿನವರು ಬಂದು ಕನಿಷ್ಠ ಐದು ವರ್ಷ ನೆಲೆಸಿ ಏನಾದರೂ ಉದ್ಯೋಗ ಶುರುಮಾಡಿದರೆ ಮೂರು ವರ್ಷದ ತನಕ ವರ್ಷಕ್ಕೆ 8,000 ಯೂರೋವರೆಗೆ ಸಹಾಯಧನ, ಉದ್ಯೋಗಕ್ಕೆ 20,000 ಯೂರೋವರೆಗೆ ಬೇರೆ, ಮನೆಗೆ ಕಡಿಮೆ ಬಾಡಿಗೆ. ಆಗ ಊರಿನ ಜನಸಂಖ್ಯೆ 115. ಬಂದ ಅರ್ಜಿಗಳು ಸಾವಿರಕ್ಕೂ ಮೇಲೆ! ತೆಗೆದುಕೊಳ್ಳಲು ಸಾಧ್ಯವಿದ್ದದ್ದು ಕೆಲವರನ್ನು ಮಾತ್ರ. ಕಲ್ಲನ್ನು ದುಡ್ಡಿನಿಂದ ನಿಲ್ಲಿಸಬಹುದು. ಅಂಗಳದಲ್ಲಿ ಮಗು ಆಡಬೇಕಾದರೆ ಸಂಸಾರವೇ ಬರಬೇಕು.

ಬಿದ್ದ ಗೋಪುರ ಹೇಳಿದ ಪಾಠ

ಊರ ನಡುವೆ ದುಂಡಗಿನ ಕಲ್ಲಿನ ಗೋಪುರವೊಂದಿದೆ. 2009ರ ಏಪ್ರಿಲ್ 6ರ ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ ಲಾಕ್ವಿಲ ಸೀಮೆಯಲ್ಲಿ ಭೂಮಿ ನಡುಗಿತು. 309 ಜನ ಸತ್ತರು. ಶತಮಾನಗಳಿಂದ ನಿಂತಿದ್ದ ಈ ಗೋಪುರ ಕುಸಿದು ಕಲ್ಲಿನ ರಾಶಿಯಾಯಿತು. ಹಿಂದೊಮ್ಮೆ ರಿಪೇರಿಯ ಹೆಸರಿನಲ್ಲಿ ಅದರ ನೆತ್ತಿಗೆ ಹೇರಿದ ಕಾಂಕ್ರೀಟಿನ ಭಾರವೇ ಅದನ್ನು ಕೆಡವಿತು ಎಂದು ಹೇಳುವವರಿದ್ದಾರೆ. ಅದೇ ಕಂಪನದಲ್ಲಿ, ಒಳಗಿನಿಂದ ಬಿಗಿ ಮಾಡಿ ರಿಪೇರಿ ಮಾಡಿದ್ದ ಆ ಅತಿಥಿಗೃಹದ ಹಳೆ ಮನೆಗಳು ಬಹುಮಟ್ಟಿಗೆ ತಡೆದುಕೊಂಡವು. ವರ್ಷಗಟ್ಟಲೆ ಕಬ್ಬಿಣದ ಕೊಳವೆಗಳ ಚೌಕಟ್ಟು ಮಾತ್ರ ನಿಂತಿದ್ದ ಜಾಗದಲ್ಲಿ ಈಗ ಗೋಪುರವನ್ನು ಮತ್ತೆ ಕಟ್ಟಿದ್ದಾರೆ.

ಹತ್ತಿರದಲ್ಲೇ ಬೆಟ್ಟದ ತುದಿಯಲ್ಲಿ ಇನ್ನೊಂದು ಪಾಳು ಊರು, ರೊಕ್ಕಾ ಕಲಾಶ್ಯೊ. ರೊಕ್ಕಾ ಅಂದರೆ ಅವರ ಭಾಷೆಯಲ್ಲಿ ಕೋಟೆ, ನಮ್ಮ ಉತ್ತರ ಕರ್ನಾಟಕದವರ ರೊಕ್ಕ ಅಲ್ಲ! ಸುಮಾರು 1,460 ಮೀಟರ್ ಎತ್ತರ. 1703ರ ಭೂಕಂಪದಲ್ಲಿ ಬಿದ್ದ ಊರು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಅಲ್ಲಿಯೂ ಕೆಲವು ಮನೆಗಳನ್ನು ಎತ್ತಿ ನಿಲ್ಲಿಸಿ ನಡೆದು ಬರುವವರಿಗೆ ತಂಗುದಾಣ ಮಾಡಿದ್ದಾರೆ. ಮಂಡಿನೋವಿದ್ದರೆ ಹತ್ತುವ ಸಾಹಸ ಬೇಡ. ನಾನು ಕೆಳಗೇ ಕೂತು ನೋಡಿ ಕೈಮುಗಿದೆ.

ಆ ಊರಿನ ಕಾಳಿನ ಸಾರು

ಇಷ್ಟು ದೂರ ಹೋಗಿ ಅಡುಗೆ ಕೇಳದೆ ಬಂದರೆ ನೀವು ನನ್ನನ್ನು ಬಿಡುತ್ತೀರಾ? ಈ ಊರಿನ ಹೆಸರುವಾಸಿ ಬೆಳೆ ಚಿಕ್ಕ ಮಸೂರ, ಅದೇ ಚನ್ನಂಗಿ ಕಾಳು. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಕಡುಕಂದು ಬಣ್ಣ. ಬೆಟ್ಟದ ಬಡ ಮಣ್ಣಿನಲ್ಲೇ ಬೆಳೆಯುತ್ತದೆ. ಹಿಮ ಕರಗಿದ ಮೇಲೆ ಬಿತ್ತಿ ಬೇಸಗೆಯ ಕೊನೆಗೆ ಕೊಯ್ಯುತ್ತಾರೆ. ಸೆಪ್ಟೆಂಬರಿನಲ್ಲಿ ಈ ಕಾಳಿಗೆಂದೇ ಊರಲ್ಲಿ ಹಬ್ಬ. ಅಂಗಡಿಯ ಅಜ್ಜಿ ಹೇಳಿಕೊಟ್ಟ ಸಾರು ಇದು. ನಮ್ಮ ಅಂಗಡಿಯ ಇಡಿ ಮಸೂರದಲ್ಲಿ ಮಾಡಿ ನೋಡಿದ್ದೇನೆ, ಚೆನ್ನಾಗಿ ಬರುತ್ತದೆ.

ನಾಲ್ಕು ಜನಕ್ಕೆ ಒಂದು ಲೋಟ ಇಡಿ ಮಸೂರ, ನಾಲ್ಕು ಲೋಟ ನೀರು, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಪಲಾವ್ ಎಲೆ, ಮೂರು ಚಮಚ ಎಣ್ಣೆ, ರುಚಿಗೆ ಉಪ್ಪು. ಅವರ ಕಾಳನ್ನು ನೆನೆಸಬೇಕಾಗಿಲ್ಲ, ನಮ್ಮದನ್ನು ಒಂದು ಗಂಟೆ ನೆನೆಸಿ. ಕಾಳು, ಜಜ್ಜಿದ ಬೆಳ್ಳುಳ್ಳಿ, ಎಲೆ, ನೀರು ಸೇರಿಸಿ ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಕುಕ್ಕರ್ ಬೇಡ, ಕಾಳು ಕರಗಿಬಿಡುತ್ತದೆ. ಮೆತ್ತಗಾದ ಮೇಲೆ ಕೊನೆಯಲ್ಲಿ ಉಪ್ಪು ಹಾಕಿ, ಎಲೆ ತೆಗೆದು, ಮೇಲಿನಿಂದ ಹಸಿ ಎಣ್ಣೆ ಬಿಡಿ. ಅವರದು ಆಲಿವ್ ಎಣ್ಣೆ. ಸಿಗದಿದ್ದರೆ ಬೆಣ್ಣೆ ಕಾಯಿಸಿದ ತುಪ್ಪ ಒಂದು ಚಮಚ ಸಾಕು. ಬ್ರೆಡ್ಡಿನ ಚೂರುಗಳನ್ನು ಕಾವಲಿಯ ಮೇಲೆ ಗರಿಗರಿಯಾಗಿ ಸುಟ್ಟು ಬಟ್ಟಲಿನ ತಳಕ್ಕೆ ಹಾಕಿ, ಮೇಲೆ ಬಿಸಿ ಸಾರು ಸುರಿದು ಕೊಡಿ. ಒಗ್ಗರಣೆ ಇಲ್ಲದೆ ನಿಮ್ಮ ಕೈ ಸುಮ್ಮನಿರದಿದ್ದರೆ ಒಂದು ಒಣಮೆಣಸಿನಕಾಯಿ ಮುರಿದು ಹಾಕಿ. ಅಜ್ಜಿಗೆ ನಾನು ಹೇಳುವುದಿಲ್ಲ.

ನಮ್ಮ ಬೀಗದ ಕೈ

ಊರಿಗೆ ಬಂದ ಮರುವಾರವೇ ತಮ್ಮನನ್ನೂ ಅಕ್ಕನನ್ನೂ ಕರೆದುಕೊಂಡು ತವರಿಗೆ ಹೋದೆ. ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾದೆವು. ಒಳಗೆ ಬಾವಲಿ ವಾಸನೆ, ಮೆತ್ತಿನ ಮೇಲೆ ಇಲಿ. ಹಿಂದಿನ ಕೊಟ್ಟಿಗೆ ಬಿದ್ದೇ ಹೋಗಿತ್ತು, ಅದು ಉಳಿಯಲಿಲ್ಲ. ನಡುಮನೆಯ ಎರಡು ತೊಲೆಗೆ ಗೆದ್ದಲು. ಆದರೆ ಜಗಲಿಯ ಆರು ಕಂಬವೂ ಗಟ್ಟಿ. ಅಕ್ಕ ಒಂದು ಕಂಬವನ್ನು ತಬ್ಬಿಕೊಂಡು ಅತ್ತಳು. ಕಣ್ಣಾಮುಚ್ಚಾಲೆಯಲ್ಲಿ ಅದು ಅವಳ ಕಂಬ.

ವಾದವಾಯಿತು, ಸುಳ್ಳು ಹೇಳುವುದಿಲ್ಲ. "ಇಟಲಿಯವನ ಹತ್ತಿರ ಸಿಮೆಂಟಿನ ದುಡ್ಡಿತ್ತು ಅಕ್ಕಾ, ನಮ್ಮ ಹತ್ತಿರ ಏನಿದೆ?" ಅಂತ ತಮ್ಮ ಕೇಳಿದ. ಸರಿಯಾದ ಪ್ರಶ್ನೆ. ಎಲ್ಲವನ್ನೂ ಉಳಿಸುವ ಶಕ್ತಿ ನಮಗಿಲ್ಲ, ಮಾಡು ಮತ್ತು ಜಗಲಿ ಮಾತ್ರ ಉಳಿಸೋಣ ಅಂದೆ. ಮೂವರೂ ಪಾಲು ಹಾಕಿದೆವು. ನನ್ನ ಪಾಲಿಗೆ ಒಂದು ಜೊತೆ ಬಳೆ ಹೋಯಿತು, ಮನೆಯವರು ಏನೂ ಅನ್ನಲಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಪಕಾಸು ಬದಲಾಯಿಸಿ, ಎರಡು ತೊಲೆ ಹೊಸದು ಕೂರಿಸಿದೆವು. ಆಮೇಲೆ ಜಗಲಿ ಮತ್ತು ನಡುಮನೆಯನ್ನು ಊರಿನ ಸ್ತ್ರೀಶಕ್ತಿ ಸಂಘದವರಿಗೆ ಬಿಟ್ಟುಕೊಟ್ಟೆವು. ಹಪ್ಪಳ, ಸಂಡಿಗೆ, ಹೊಲಿಗೆ ಈಗ ಅಲ್ಲೇ. ಬಾಡಿಗೆ ಇಲ್ಲ. ದಿನಾ ಬಾಗಿಲು ತೆರೆಯಬೇಕು, ಗುಡಿಸಬೇಕು, ಸಂಜೆ ದೀಪ ಹಚ್ಚಬೇಕು, ಅಷ್ಟೇ ಕರಾರು. ಮಾಡು ಎಷ್ಟು ವರ್ಷ ತಡೆಯುತ್ತದೋ, ನಮ್ಮ ಮಕ್ಕಳಿಗೆ ಇದು ಬೇಕೋ ಬೇಡವೋ, ನನಗೆ ಗೊತ್ತಿಲ್ಲ. ಕಂಬ ಮಾತ್ರ ಮಾರಿಲ್ಲ.

ನಿಮಗೂ ಇಂಥ ಮನೆ ಇದ್ದರೆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಒಂದು, ದುಡ್ಡು ಇರುವುದು ಸ್ವಲ್ಪವೇ ಆದರೆ ಮೊದಲು ಮಾಡಿಗೆ ಹಾಕಿ. ಮೇಲಿನಿಂದ ನೀರು ಇಳಿಯದಿದ್ದರೆ ಗೋಡೆ ಕಾಯುತ್ತದೆ.

ಎರಡು, ಮಣ್ಣಿನ ಗೋಡೆಗೆ, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಬೇಡಿ. ಹಳೆ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕಿ ಗೋಡೆ ಹಾಳುಮಾಡುತ್ತದೆ.

ಮೂರು, ಮನೆಯನ್ನು ಸುಮ್ಮನೆ ಮುಚ್ಚಿಡಬೇಡಿ. ಗಾಳಿ, ಬೆಳಕು, ಮನುಷ್ಯರ ಓಡಾಟ ಇದ್ದರೆ ಗೆದ್ದಲು ಶುರುವಾದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಟ್ಯೂಷನ್‌ಗೋ, ಭಜನೆಗೋ, ಸಂಘಕ್ಕೋ ಕೊಡಿ. ಕೊಡುವಾಗ ಕರಾರನ್ನು ಬರೆದಿಟ್ಟುಕೊಳ್ಳಿ, ನೆಂಟರಾದರೂ ಸರಿಯೇ.

ನಾಲ್ಕು, 'ನಾನು ಕೊಟ್ಟ ಹೆಣ್ಣು, ನನಗೇನು ಮಾತು' ಅಂದುಕೊಳ್ಳಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಜಗಳಕ್ಕಲ್ಲ, ಮನೆ ಉಳಿಸುವ ಮಾತಿಗಾದರೂ ಆ ಹಕ್ಕನ್ನು ಬಳಸಿ.

ಇನ್ನು ಮಾರಲೇಬೇಕಾದ ಕಷ್ಟ ಬಂದರೆ ಮಾರಿ. ಅದರಲ್ಲಿ ಪಾಪವೇನಿಲ್ಲ. ಹಸಿದ ಹೊಟ್ಟೆಗಿಂತ ಕಂಬ ದೊಡ್ಡದಲ್ಲ. ಆದರೆ ಫೋನಿನಲ್ಲೇ 'ಹೂಂ' ಅನ್ನಬೇಡಿ. ನಿಮ್ಮ ತವರಿನ ಬೀಗದ ಕೈ ಈಗ ಯಾರ ಮನೆಯ ಮೊಳೆಯಲ್ಲಿದೆಯೋ ವಿಚಾರಿಸಿ. ಬರುವ ಹಬ್ಬಕ್ಕೆ ಹೋದಾಗ ಒಂದು ಶೀಶೆ ಕೊಬ್ಬರಿಎಣ್ಣೆ ಜೊತೆಗಿಟ್ಟುಕೊಳ್ಳಿ. ನಾಲ್ಕು ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು, ಬಾಗಿಲು ತೆರೆದು ಒಳಗೆ ಹೋಗಿ ನೋಡಿ ಬನ್ನಿ.